ಓಸಾಕಾಕ್ಕೆ ಹೋಗುವ ಮುನ್ನ ಓದಬೇಕಾದದ್ದು

ತಿಮ್ಮರಾಯಪ್ಪನಿಗೆ ಜೀವಮಾನದಲ್ಲಿ ಹೊಳೆದ ಮಹಾನ್ ಐಡಿಯಾಗಳೆಲ್ಲ ಮಧ್ಯಾಹ್ನ ಮುದ್ದೆ ಉಂಡ ಮೇಲೆ ಹೊಳೆದಂಥವು. ಹೆಂಡತಿಗೆ ಜಪಾನಿನ ಪುಸ್ತಕ ಓದಿ ಹೇಳಬೇಕೆಂಬ ಐಡಿಯಾವೂ ಹಾಗೆಯೇ, ಎರಡನೇ ಮುದ್ದೆಯ ನಂತರ, ಒಂದು ದೊಡ್ಡ ತೇಗಿನ ಜೊತೆಯಲ್ಲಿ ಬಂತು.

ಹಿರೇಗುಂಟನೂರಿನ ತನ್ನ ಮನೆಯಲ್ಲಿ ಅವನು ಕುರಿ ಉಣ್ಣೆಯ ಕಂಬಳಿ ನೇಯುತ್ತಿದ್ದ. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂರುವ ಹಳೇ ಕಾಲದ ಮಗ್ಗ. ಅಣ್ಣನ ಮಗಳು ನಾಗಶ್ರೀ ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಚಿಕ್ಕಪ್ಪ ನೇಯುವುದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲೆಲ್ಲಿಗೋ ಕಳಿಸಿದ್ದಳು. ಅದು ಓಸಾಕಾ ಎಂಬ ಮಹಾನಗರವನ್ನು ಮುಟ್ಟಿ, ಅಲ್ಲಿಯ ಕೈಮಗ್ಗದ ಮೇಳಕ್ಕೆ ಹತ್ತು ದಿನ ಬನ್ನಿ ಎಂದು ಕರೆ ಬಂದುಬಿಟ್ಟಿತು. ನೇಯುವವರು ಒಬ್ಬರು, ನೂಲುವವರು ಒಬ್ಬರು, ಇಬ್ಬರೂ ಬಂದರೆ ಮಾತ್ರ. ಆ ಸುದ್ದಿಯನ್ನು ತಿಮ್ಮರಾಯಪ್ಪ ಟೀ ಅಂಗಡಿಯಲ್ಲಿ ಎಷ್ಟು ಸಲ ಹೇಳಿದನೆಂದರೆ, ಅಂಗಡಿಯವನೇ ಬಂದವರಿಗೆಲ್ಲ ಬಾಯಿಪಾಠ ಒಪ್ಪಿಸತೊಡಗಿದ. ಇಷ್ಟಾದ ಮೇಲೆ ಹೋಗದೆ ಇದ್ದರೆ ಊರಲ್ಲಿ ತಲೆ ಎತ್ತುವಂತಿರಲಿಲ್ಲ.

ಕೊಕ್ಕೆ ಬಿದ್ದದ್ದು ನೂಲುವ ವಿಭಾಗದಲ್ಲಿ. ನೂಲುವವಳಾದ ಧರ್ಮಪತ್ನಿ ನಿಂಗಕ್ಕ ರಾಟೆಯಿಂದ ಕಣ್ಣೆತ್ತದೆ, ಹಿರಿಯೂರು ದಾಟಿದರೆ ತನಗೆ ನಿದ್ದೆ ಹತ್ತುವುದಿಲ್ಲ, ತಾನು ಒಲ್ಲೆ ಎಂದುಬಿಟ್ಟಳು. (ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಒಲ್ಲೆ ಎಂದ ಮೇಲೆ ಆ ಕೆಲಸ ನಡೆದ ಉದಾಹರಣೆ ಇರಲಿಲ್ಲ.)

ಕರೆಯ ಜೊತೆಗೇ ಮೇಳದವರು ಒಂದು ಪಟ್ಟಿ ಕಳಿಸಿದ್ದರು: ನಮ್ಮ ನಗರಕ್ಕೆ ಬರುವ ಮುನ್ನ ಓದಬೇಕಾದ ಐದು ಪುಸ್ತಕಗಳು. ನಾಗಶ್ರೀ ಆ ಐದನ್ನೂ ಕಂಪ್ಯೂಟರಿನಿಂದ ಕನ್ನಡಕ್ಕೆ ತಿರುಗಿಸಿ, ದುರ್ಗದ ಜೆರಾಕ್ಸ್ ಅಂಗಡಿಯಲ್ಲಿ ಸುರುಳಿ ತಂತಿ ಹಾಕಿಸಿ ತಂದುಕೊಟ್ಟಿದ್ದಳು. ಓದಿ ಹೇಳಿದರೆ ಹೆಂಡತಿಯ ಮನಸ್ಸು ತಿರುಗೀತು ಎಂಬುದೇ ಆ ತೇಗಿನ ಐಡಿಯಾ. ಅವನು ಏಳನೇ ಕ್ಲಾಸು ಪಾಸು. ಅವಳಿಗೆ ಅಕ್ಷರ ಬಾರದು. ಮನೆಯಲ್ಲಿ ಅವನ ಕೈ ಮೇಲಾಗಿದ್ದ ವಿಷಯ ಅದೊಂದೇ, ನೇಯ್ಗೆಯೊಂದನ್ನು ಬಿಟ್ಟರೆ.

ಮೊದಲನೆಯದು ನಗರದ ಚರಿತ್ರೆ. ಮೂರನೇ ಪುಟಕ್ಕೆ ಕೇಳುವವಳು ತೂಕಡಿಸಿದಳು, ಐದನೇ ಪುಟಕ್ಕೆ ಓದುವವನು. ಎರಡನೆಯದು ಊಟ ತಿಂಡಿಯದು. ಎಂಟು ಕಾಲಿನ ಯಾವುದೋ ಪ್ರಾಣಿಯನ್ನು ಹಿಟ್ಟಿನೊಳಗಿಟ್ಟು ಪಡ್ಡಿನಂತೆ ಬೇಯಿಸುತ್ತಾರೆಂದು ಬಂದ ಕೂಡಲೇ ನಿಂಗಕ್ಕ ಆ ಪುಸ್ತಕ ಮುಚ್ಚಿಸಿದಳು. ಮೂರನೆಯದು ನಡವಳಿಕೆಯ ಪುಸ್ತಕ. ಅದು ಸಿಕ್ಕಿದ್ದೇ ತಿಮ್ಮರಾಯಪ್ಪನಿಗೆ ಆನೆ ಬಲ ಬಂತು. ರೈಲಿನಲ್ಲಿ ಗಟ್ಟಿಯಾಗಿ ಮಾತಾಡಬಾರದು, ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದೆಲ್ಲ ಇದ್ದದ್ದನ್ನು ಎರಡೆರಡು ಸಲ ಓದಿದ. ಇಲ್ಲದ್ದನ್ನೂ ಒಂದೆರಡು ಸೇರಿಸಿದ. ನಾಲ್ಕನೆಯದರಲ್ಲಿ ರೈಲುಗಳ ನಕ್ಷೆಯಿತ್ತು, ಸಿಕ್ಕುಬಿದ್ದ ಬಣ್ಣದ ನೂಲಿನ ಉಂಡೆಯ ಹಾಗೆ. ಅವನು ಒಂದು ಗಂಟೆ ಬೆವರಿದ. ನಿಂಗಕ್ಕ ಬಗ್ಗಿ ನೋಡಿ, ಒಂದೊಂದು ಎಳೆಯನ್ನೂ ಈ ತುದಿಯಿಂದ ಆ ತುದಿಗೆ ಬೆರಳಲ್ಲಿ ಹಿಡಿದು ತೋರಿಸಿ, ಒಲೆಯ ಮೇಲೆ ಸಾರಿಟ್ಟಿದ್ದೇನೆಂದು ಎದ್ದುಹೋದಳು.

ಐದನೆಯದು ಆ ನಗರದ ಹಳೆಯ ಕಥೆಗಳು. ನರಪೇತಲ ಪುಸ್ತಕ, ಅರ್ಧ ದಿನದಲ್ಲಿ ಮುಗಿಯುವಂಥದ್ದು.

ಅದರಲ್ಲಿ ಹೀಗಿತ್ತು. ಮನುಷ್ಯ ಬಳಸುವ ಸಾಮಾನಿಗೆ ನೂರು ವರ್ಷ ತುಂಬಿದರೆ ಜೀವ ಬರುತ್ತದೆ. ಕಾಲುವೆ ಬದಿಯ ಒಂದು ಓಣಿಯಲ್ಲಿ ಕೊಡೆ ಮಾಡುವವನೊಬ್ಬನಿದ್ದ. ಅವನ ಬಿದಿರು ಸೀಳುವ ಕತ್ತಿ ಮುತ್ತಾತನ ಕಾಲದ್ದು. ಕತ್ತಿಗೆ ನೂರು ತುಂಬುವ ವರ್ಷ, ಯಾರೋ ಕರೆದರೆಂದು ಅವನು ಅದನ್ನು ಮನೆಯಲ್ಲೇ ಬಿಟ್ಟು ದೂರದ ಊರಿಗೆ ಹೋದ. ಹತ್ತು ದಿನ ಕಳೆದು ಬಂದರೆ ಒಳಗಿನಿಂದ ಬಿದಿರು ಸೀಳುವ ಸದ್ದು. ಕಿಟಕಿಯಲ್ಲಿ ಇಣುಕಿದ. ಅವನ ಚಾಪೆಯ ಮೇಲೆ ಯಾರೋ ಬೆನ್ನು ಮಾಡಿ ಕೂತು ಕೆಲಸ ಮಾಡುತ್ತಿದ್ದರು. ಹೆಂಡತಿ ಪಕ್ಕದಲ್ಲಿ ಅನ್ನ ಬಡಿಸುತ್ತ ನಗುತ್ತಿದ್ದಳು. ಕೂತವನು ಮೆಲ್ಲಗೆ ತಿರುಗಿದ. ಮುಖ ಇವನದೇ. ಬಾಗಿಲು ಬಡಿದರೆ ಹೆಂಡತಿ ಬಂದು, ಯಾರು ಬೇಕಿತ್ತು ಎಂದು ಕೇಳಿದಳು.

ಓದಿ ಮುಗಿಸಿದ ತಿಮ್ಮರಾಯಪ್ಪ ಪುಸ್ತಕ ಮುಚ್ಚಿ ದೂರ ಸರಿಸಿದ. ನಿಂಗಕ್ಕನ ರಾಟೆ ನಿಂತಿತ್ತು.

"ಆಮ್ಯಾಕೆ?" ಎಂದಳು.

"ಆಮ್ಯಾಕೇನಿಲ್ಲ. ಅಷ್ಟೇ ಐತೆ."

"ಚೆಂದ ಐತ್ರಿ. ಇಂಥ ಕತೆ ಇರೋ ಊರು ಒಂದ್ಸಲ ನೋಡ್ಬೇಕು. ನಾನೂ ಬರ್ತೀನಿ, ಹೋಗಾಣ."

ಐಡಿಯಾ ಗೆದ್ದಿತ್ತು. ಆದರೆ ಗೆದ್ದವನಿಗೆ ಸಂತೋಷವಾಗಲಿಲ್ಲ. ಅವನ ಕಣ್ಣು ಒಳಮನೆಯ ಮಗ್ಗದ ಮೇಲಿತ್ತು. ಅದರ ಮುಂದಿನ ದಿಂಡಿನಲ್ಲಿ ಅಜ್ಜ ಬೀರಪ್ಪ ಇಸವಿ ಕೆತ್ತಿಸಿದ್ದ. ಬೆರಳು ಮಡಚಿ ಲೆಕ್ಕ ಹಾಕಿದ. ಈ ಶ್ರಾವಣಕ್ಕೆ ಸರಿಯಾಗಿ ನೂರು. ವಿಮಾನ ಹತ್ತಬೇಕಾದದ್ದೂ ಶ್ರಾವಣದಲ್ಲೇ.

ಸದ್ದು ಕೇಳಿದ್ದು ಅದಾದ ಮೂರನೆಯ ದಿನ. ಉಂಡು ಜಗಲಿಯ ಮೇಲೆ ಅಡ್ಡಾಗಿದ್ದ. ಊರೆಲ್ಲ ಬಿಸಿಲಿಗೆ ಗಪ್ಪಾಗಿತ್ತು. ಒಳಗಿನಿಂದ, ನೇಯ್ದ ಎಳೆಯನ್ನು ಒತ್ತುವ ಹಣಿಗೆ ಬಡಿದ ಸದ್ದು ಬಂತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್. ಎದ್ದು ಹೋಗುವಷ್ಟರಲ್ಲಿ ನಿಂತಿತು. ಗುಣಿಯಲ್ಲಿ ಯಾರೂ ಇರಲಿಲ್ಲ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಮಾತ್ರ ಸಣ್ಣಗೆ ನಡುಗುತ್ತಿದ್ದವು. ಹಿತ್ತಿಲಿಗೆ ಹೋಗಿ ನೋಡಿದರೆ ನಿಂಗಕ್ಕ ಬೇಲಿಯ ಮೇಲೆ ಸೀರೆ ಹರವುತ್ತಿದ್ದಳು. ಸದ್ದು ಕೇಳಿತಾ ಎಂದರೆ, ನಿಮ್ಮ ಗೊರಕೆ ನಿಮಗೇ ಕೇಳಿರಬೇಕು ಎಂದಳು.

ತಿಮ್ಮರಾಯಪ್ಪನೇನು ಪೆದ್ದನಲ್ಲ. ಮರುದಿನ ತಾನು ನೇಯ್ದು ನಿಲ್ಲಿಸಿದ ಕಡೆಗೆ ಕೆಂಪು ನೂಲು ಕಟ್ಟಿ ಗುರುತು ಮಾಡಿ ಟೀ ಅಂಗಡಿಗೆ ಹೋದ. ಬಂದು ನೋಡಿದರೆ ಕೆಂಪು ನೂಲಿನಿಂದಾಚೆ ಎರಡು ಬೆರಳಗಲ ಕಂಬಳಿ ಬೆಳೆದಿತ್ತು. ಅದರ ಮರುದಿನ ಮೂರು ಬೆರಳು. ಅವನನ್ನು ನಿಜಕ್ಕೂ ನಡುಗಿಸಿದ್ದು ಬೇರೆ: ಆ ಮೂರು ಬೆರಳು ಅವನು ನೇಯ್ದದ್ದಕ್ಕಿಂತ ಒತ್ತಾಗಿತ್ತು, ಅಂಚು ದಾರ ಹಿಡಿದಂತೆ ನೆಟ್ಟಗಿತ್ತು. ಜೀವ ಬರುತ್ತಿರುವ ಮಗ್ಗ ಯಜಮಾನನ ತಪ್ಪು ತಿದ್ದಲು ಶುರು ಮಾಡಿತ್ತು.

ಹೆಂಡತಿಯ ಮೇಲೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಅವರ ಮನೆತನದಲ್ಲಿ ಹೆಂಗಸರು ನೂಲುವುದುಂಟು, ಗುಣಿಗೆ ಇಳಿಯುವುದಿಲ್ಲ. ಎಮ್ಮೆ ವಿಮಾನ ಓಡಿಸೀತು ಎಂಬ ಅನುಮಾನ ಯಾರಿಗಾದರೂ ಬರುತ್ತದೆಯೇ? ತಿಮ್ಮರಾಯಪ್ಪನಿಗೂ ಬರಲಿಲ್ಲ.

ಆಮೇಲೆ ಸೋಮವಾರ ಬಂತು. ಸೋಮವಾರ ದೇವರ ವಾರ, ಅವರ ಮನೆಯಲ್ಲಿ ಅಂದು ಯಾರೂ ಮಗ್ಗ ಮುಟ್ಟುವುದಿಲ್ಲ. ನಿಂಗಕ್ಕ ಪ್ರಯಾಣದ ಕಾಗದಗಳ ಕೆಲಸಕ್ಕೆಂದು ಬೆಳಗಿನ ಬಸ್ಸಿಗೇ ನಾಗಶ್ರೀಯ ಹತ್ತಿರ ದುರ್ಗಕ್ಕೆ ಹೋಗಿದ್ದಳು. ತಿಮ್ಮರಾಯಪ್ಪ ಒಳಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಜಗಲಿಯಲ್ಲಿ ಕೂತ. ಉಣ್ಣಲಿಲ್ಲ, ಮಲಗಲಿಲ್ಲ. ಹನ್ನೆರಡು ಗಂಟೆಯ ಸುಮಾರಿಗೆ ಬೆನ್ನ ಹಿಂದಿನ ಗೋಡೆಯಾಚೆ ಹಣಿಗೆ ಬಡಿಯಿತು. ಟಕ್. ಟಕ್. ಟಕ್. ಅವಸರವಿಲ್ಲದ, ಕೆಲಸ ಬಲ್ಲವರ ಸದ್ದು. ನಡುನಡುವೆ ಯಾರೋ ವಯಸ್ಸಾದವರು ಗಂಟಲು ಸರಿಮಾಡಿಕೊಂಡ ಹಾಗೆ. ಅವನು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಜಗಲಿಯಲ್ಲೇ ಕೂತ. ಸಂಜೆ ನಿಂಗಕ್ಕ ಬಂದ ಮೇಲೆ ಅವಳ ಬೆನ್ನ ಹಿಂದಿನಿಂದ ಕೈ ಚಾಚಿ ಬೀಗ ತೆಗೆದ. ನಾಲ್ಕು ಬೆರಳು ಬೆಳೆದಿತ್ತು. ನಿಂಗಕ್ಕ ಅದನ್ನು ನೋಡಿದಳು, ಗಂಡನ ಮುಖ ನೋಡಿದಳು, ತುಟಿ ಬಿಗಿಹಿಡಿದು ಅಡುಗೆಮನೆಗೆ ಹೋದಳು.

ಬೆಳಗಾಗುತ್ತಲೇ ತಿಮ್ಮರಾಯಪ್ಪ ನಾಗಶ್ರೀಗೆ ಫೋನು ಮಾಡಿ ತಾನು ಓಸಾಕಾಕ್ಕೆ ಬರುವುದಿಲ್ಲ ಎಂದ. ಮಂಡಿ ನೋವು ಎಂದ. ಆಮೇಲೆ ಹಲ್ಲು ನೋವು ಎಂದ. ಅವಳು ಕಾಲೇಜಿಗೆ ರಜೆ ಹಾಕಿ ಬಂದು ಎದುರಿಗೆ ಕೂತಳು. ಹೆಸರು ಕೊಡಲು ಅವತ್ತೇ ಕೊನೆ. ಹೋಗದಿದ್ದರೆ ಆ ಜಾಗ ಬೇರೆಯವರಿಗೆ. ತಿಮ್ಮರಾಯಪ್ಪ ಕಡೆಗೆ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ: ನೂರು ವರ್ಷ, ಕೆಂಪು ನೂಲು, ತಾನು ಹಿಂತಿರುಗಿ ಬರುವಷ್ಟರಲ್ಲಿ ಗುಣಿಯಲ್ಲಿ ಯಾರು ಕೂತಿರುತ್ತಾರೋ ಎಂಬ ಭಯ.

"ನನ್ ಜಾಗದಾಗೆ ಇನ್ನೊಬ್ರು ಕುಂತ್ರೆ ನಾ ಎಲ್ಲಿಗೆ ಹೋಗ್ಲವ್ವಾ?" ಎಂದ. ಹೆಗಲಿನ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡ. ಐವತ್ತೆಂಟು ವರ್ಷದ ಗಂಡಸು ಅಳುವುದನ್ನು ನೋಡುವುದು ಕಷ್ಟ. ನಾಗಶ್ರೀ ಸೀಲಿಂಗ್ ಫ್ಯಾನು ನೋಡಿದಳು.

ನಿಂಗಕ್ಕ ರಾಟೆ ಬಿಟ್ಟು ಎದ್ದಳು. ಒಳಮನೆಗೆ ಹೋಗಿ, ಮಗ್ಗಕ್ಕೆ ಕೈಮುಗಿದು, ಸೆರಗು ಸಿಕ್ಕಿಸಿ ಗುಣಿಗೆ ಇಳಿದಳು. ಲಾಳಿ ಎಡದಿಂದ ಬಲಕ್ಕೆ ಹೋಯಿತು. ಟಕ್. ಬಲದಿಂದ ಎಡಕ್ಕೆ ಬಂತು. ಟಕ್. ಒತ್ತಾದ ನೇಯ್ಗೆ, ನೆಟ್ಟನೆಯ ಅಂಚು.

"ಮೂವತ್ತೆರಡು ವರ್ಷ ನೋಡೀನಲ್ರಿ," ಎಂದಳು, ಕೈ ನಿಲ್ಲಿಸದೆ. "ಅಲ್ಲಿ ನಿಮಗೆ ಕೈ ನೋವು ಗೀವು ಬಂದ್ರೆ ಯಾರು ನೇಯ್ತಾರೆ ಅಂತ ಕಲ್ತ್ಕಂಡೆ. ಹೇಳಿದ್ರೆ ಬೈತೀರಿ ಅಂತ ಹೇಳ್ಲಿಲ್ಲ."

ತಿಮ್ಮರಾಯಪ್ಪನಿಗೆ ಮೊದಲು ಸಿಟ್ಟು ಬಂತು, ಅದರ ಹಿಂದೆಯೇ ಬೆಟ್ಟದಷ್ಟು ಸಮಾಧಾನ ಬಂತು. ದೆವ್ವವಲ್ಲ, ಹೆಂಡತಿ. (ಪಳಗಿದ ಗಂಡನಿಗೆ ಇದು ತಾಳಿಕೊಳ್ಳಬಹುದಾದ ವಿಷಯ.) ಮಂಡಿ ನೋವೂ ಹಲ್ಲು ನೋವೂ ಒಟ್ಟಿಗೇ ವಾಸಿಯಾದವು. ಬರೆದು ಕಳಿಸು, ನೇಯುವವನು ತಿಮ್ಮರಾಯಪ್ಪ ಎಂದು ಗಂಭೀರವಾಗಿ ಅಪ್ಪಣೆ ಕೊಟ್ಟ.

ನಾಗಶ್ರೀ ಮೊಬೈಲು ತೆಗೆದು ಅವನ ಮುಂದೆ ಹಿಡಿದಳು. ಚಿಕ್ಕಪ್ಪ ಟೀ ಅಂಗಡಿಗೆ ಹೋಗಿದ್ದ ಹೊತ್ತಿನಲ್ಲಿ ಬಂದು, ಚಿಕ್ಕಮ್ಮ ನೇಯುವುದನ್ನು ಅವಳು ಮೊನ್ನೆಯೇ ಅದರಲ್ಲಿ ಹಿಡಿದು ಕಳಿಸಿಯಾಗಿತ್ತು, ಉತ್ತರವೂ ಬಂದಾಗಿತ್ತು. ಈ ತಾಯಿಯ ಅಂಚು ಅದ್ಭುತ, ನೇಯಲು ಇವರೇ ಬರಲಿ, ನೂಲಲು ಯಾರನ್ನಾದರೂ ಕರೆತನ್ನಿ ಎಂದು ಮೇಳದವರು ಬರೆದಿದ್ದರು.

ತಿಮ್ಮರಾಯಪ್ಪ ಹೆಗಲಿನ ಕಂಬಳಿ ಸರಿಮಾಡಿಕೊಂಡ. ರಾಜ್ಯ ಕಳೆದುಕೊಂಡ ಮಹಾರಾಜರ ಗತ್ತಿನಲ್ಲಿ, ಹೆಂಗಸಿನ ಹಿಂದೆ ನೂಲುತ್ತ ಕೂರಲು ತಾನು ಹುಟ್ಟಿಲ್ಲವೆಂದೂ, ಬೇರೆ ಯಾರನ್ನಾದರೂ ಕರೆದುಕೊಂಡು ಸುಖವಾಗಿ ಹೋಗಿಬನ್ನಿರೆಂದೂ, ತಾನೊಬ್ಬನೇ ಮನೆ ಕಾಯುವುದಾಗಿಯೂ ಘೋಷಿಸಿದ. ಮನೆ ಬಿಟ್ಟು ಹೋಗುವವಳ ಹೊಟ್ಟೆ ಸ್ವಲ್ಪ ಉರಿಯಲಿ ಎಂದು ಒಂದು ಮಾತು ಸೇರಿಸಿದ: ಅವಳು ನೇಯ್ದದ್ದರಲ್ಲಿ ಸೋಮವಾರದ ಆ ನಾಲ್ಕು ಬೆರಳೊಂದೇ ಚೆನ್ನಾಗಿರುವುದು, ಉಳಿದದ್ದು ಅಷ್ಟಕ್ಕಷ್ಟೆ.

ಲಾಳಿ ನಿಂತಿತು.

"ಸೋಮವಾರ ನಾ ಎಲ್ಲಿದ್ದೆ? ಬೆಳಗ್ಗಿಂದ ಸಂಜೀತನ ದುರ್ಗದಾಗಿದ್ದೆ, ಇವಳ ಜೊತೆ," ಎಂದಳು ನಿಂಗಕ್ಕ. "ಅವತ್ತಿಂದು ನೀವು ನೇಯ್ದಿದ್ದು ಅಂದ್ಕಂಡೆ. ದೇವರ ವಾರ ಮಗ್ಗ ಮುಟ್ಟಿದ್ರಲ್ಲಾ ಅಂತ ಬೇಜಾರಾಗಿ ಬಾಯಿ ಮುಚ್ಕಂಡಿದ್ದೆ."

ಸಮಾಧಾನದ ಭರದಲ್ಲಿ ಮರೆತೇಹೋಗಿದ್ದ ಸೋಮವಾರದ ಬೀಗ ತಿಮ್ಮರಾಯಪ್ಪನಿಗೆ ಆಗ ನೆನಪಾಗಿ, ಅವನ ಕೈ ಉಡಿದಾರ ತಡವಿತು. ನಿಂಗಕ್ಕ ನಿಧಾನವಾಗಿ ಗುಣಿಯಿಂದ ಕಾಲು ಮೇಲೆತ್ತಿಕೊಂಡು ಹೊರಗೆ ಬಂದಳು. ಆ ನಾಲ್ಕು ಬೆರಳಗಲದ ನೇಯ್ಗೆ ಹಾಸಿನ ಮೇಲೆ ಕಪ್ಪಗೆ, ನುಣ್ಣಗೆ ಮಲಗಿತ್ತು. ಮೂವರೂ ಪಡಸಾಲೆಗೆ ಬಂದರು. ನಾಗಶ್ರೀ ಬಾಗಿಲು ಎಳೆದು ಚಿಲಕ ಹಾಕಿದಳು.

ಹೆಸರು ತುಂಬಿ ಕಳಿಸಬೇಕಿತ್ತು. ನೇಯುವವರು ನಿಂಗಕ್ಕ ಎಂದು ಬರೆದು, ನೂಲುವವರ ಹೆಸರು ಏನು ಬರೆಯಲಿ ಎಂದು ನಾಗಶ್ರೀ ಕೇಳುವಷ್ಟರಲ್ಲಿ ತಿಮ್ಮರಾಯಪ್ಪ ರಾಟೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಾಗಿತ್ತು. ಉಣ್ಣೆ ಹಿಡಿದು ತಿರುಗಿಸಿದ. ದಾರ ಬಂತು, ಹೆಬ್ಬೆರಳು ದಪ್ಪ.

ಚಿಲಕ ಹಾಕಿದ ಬಾಗಿಲ ಹಿಂದೆ ಹಣಿಗೆ ಬಡಿಯಿತು. ಟಕ್.

ಅವನ ಕೈಯಲ್ಲಿ ದಾರ ಕಿತ್ತುಹೋಯಿತು. ನಿಂಗಕ್ಕ ಬಾಗಿಲಿನ ಕಡೆ ನೋಡಲಿಲ್ಲ. ಗಂಡನ ಪಕ್ಕಕ್ಕೆ ಸರಿದು ಕೂತು, ಕಿತ್ತ ಎಳೆಯನ್ನು ಹೊಸೆದು ಅವನ ಕೈಗಿಟ್ಟಳು.

"ಸಣ್ಣಗೆ ಎಳೀರಿ," ಎಂದಳು. "ಇಷ್ಟು ದಪ್ಪ ದಾರ ನಾ ನೇಯಲ್ಲ."