ಕಿವಿಗಿಟ್ಟು ನೋಡಿದ ಪೆನ್‌ಡ್ರೈವ್

ಮೋಸ ಹೋಗುವುದಕ್ಕೆ ಕನಿಷ್ಠ ಮೂವತ್ತು ವರ್ಷಗಳ ಅನುಭವ ಬೇಕು ಎಂಬುದು ನನ್ನ ಇತ್ತೀಚಿನ ಅಭಿಪ್ರಾಯ. ಏನೂ ಗೊತ್ತಿಲ್ಲದವನು ಮೋಸ ಹೋಗುವುದು ಕಷ್ಟ. ಅವನು ಹೆದರಿಕೊಂಡು ಹತ್ತು ಜನರನ್ನು ಕೇಳುತ್ತಾನೆ, ಅಂಗಡಿಯವನ ಮುಖವನ್ನು ಎರಡು ಸಲ ನೋಡುತ್ತಾನೆ, ಕೊನೆಗೆ ಯಾಕೋ ಬೇಡವೆನಿಸಿ ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಎಲ್ಲ ಗೊತ್ತಿರುವವನಿಗೆ ಈ ತಾಪತ್ರಯವಿಲ್ಲ. ಅವನು ನೇರವಾಗಿ ನಡೆದುಹೋಗಿ ಹಳ್ಳಕ್ಕೆ ಬೀಳುತ್ತಾನೆ. ನಾನು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಬೇಕಾದ ಅರ್ಹತೆಗಿಂತ ಒಂದು ವರ್ಷ ಹೆಚ್ಚೇ ಇತ್ತು.

ಗೂಡಿನ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನ ಎಲ್ಲ ಅನಾಹುತಗಳೂ ಅಲ್ಲಿಂದಲೇ ಹೊರಡುತ್ತವೆ. ಮರಳವಾಡಿ ಕಡೆಯಿಂದ, ಸೋಲೂರು ಕಡೆಯಿಂದ ರೈತರು ಮೂಟೆ ತಂದು ಗೂಡು ಸುರಿದರೆ, ಅದು ಒಳ್ಳೆಯ ಮಾಲೋ ಅಲ್ಲವೋ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಒಂದು ಗೂಡನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗಿನ ಹುಳು ಲಟಲಟ ಎಂದರೆ ಗೂಡು ಒಳ್ಳೆಯದು. ಸದ್ದೇ ಇಲ್ಲವೆಂದರೆ ಹುಳು ಒಳಗೇ ಸತ್ತು ಅಂಟಿಕೊಂಡಿದೆ ಎಂದರ್ಥ. ಈ ವಿದ್ಯೆಯಲ್ಲಿ ನನ್ನ ಕಿವಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರಿತ್ತು. ಆದರೆ ಮೂವತ್ತು ವರ್ಷ ಒಂದೇ ಕೆಲಸ ಮಾಡಿದ ಕಿವಿ ನಿವೃತ್ತಿಯಾದ ಮೇಲೂ ಸುಮ್ಮನಿರುವುದಿಲ್ಲ. ಬೆಂಕಿಪೊಟ್ಟಣ, ಮಾತ್ರೆಯ ಡಬ್ಬಿ, ಟಾರ್ಚಿನ ಸೆಲ್ಲು, ಯಾವುದು ಕೈಗೆ ಬಂದರೂ ಅದು ಮೊದಲು ಹೋಗುವುದು ನನ್ನ ಕಿವಿಯ ಹತ್ತಿರಕ್ಕೆ.

ಈ ಚಾಳಿ ನನ್ನ ಮದುವೆಗಿಂತ ಹಳೆಯದು. ಸರೋಜಳನ್ನು ನೋಡಲು ಬೈರಾಪಟ್ಟಣಕ್ಕೆ ಹೋದಾಗ ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು ಅಷ್ಟೇ. ಹೆಣ್ಣು ನೋಡಿದ್ದಾಯಿತು, ಉಪ್ಪಿಟ್ಟು ತಿಂದಿದ್ದಾಯಿತು, ಹೊರಡುವಾಗ ಅವಳ ದೊಡ್ಡಮ್ಮ ಪುಟ್ಟತಾಯಮ್ಮ ತಾಂಬೂಲದ ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟುಕೊಟ್ಟರು. ನಾನು ಭಕ್ತಿಯಿಂದ ತೆಗೆದುಕೊಂಡೆ, ಮರುಕ್ಷಣವೇ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ನಡುಮನೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದರು. ದೊಡ್ಡಮ್ಮ ಮಾತ್ರ ನಗಲಿಲ್ಲ, ಮನಸ್ಸಿನಲ್ಲೇ ಬರೆದಿಟ್ಟುಕೊಂಡರು. ನಮ್ಮ ಕಡೆ ಮದುವೆಯ ಚಪ್ಪರದಲ್ಲಿ ಬೀಗರನ್ನು ಹಂಗಿಸಿ ಹಾಡುವ ಪದ್ಧತಿಯಿದೆಯಲ್ಲ, ಮದುವೆಯ ದಿನ ನನ್ನ ಮೇಲೆ ಹಾಡು ಬಂದೇಬಿಟ್ಟಿತು:

ತೆಂಗಿನಕಾಯ್ನ ಕಿವಿಗಿಟ್ಟ ಜಾಣ
ಹೆಣ್ಣ ಯಾಕಯ್ಯ ಹಂಗೇ ಒಪ್ಕೊಂಡೆ
ಒಸಿ ಅಲ್ಲಾಡ್ಸಿ ನೋಡ್ಬಾರ್ದ?

ನನ್ನ ಕಡೆಯವರೇ ನನಗಿಂತ ಜೋರಾಗಿ ನಕ್ಕರು. ಆಮೇಲೆ ಆ ಊರಿನ ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ಆ ಹಾಡನ್ನು ನೆನಪಿಸುವುದು, ನಾನು ಪಾಯಸದ ಕಡೆ ಮುಖ ಮಾಡುವುದು ನಡೆದೇ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಮಗ, ಸೊಸೆ, ಮೊಮ್ಮಕ್ಕಳ ನಡುವೆ ದೊರೆಸಾನಿಯ ಹಾಗೆ ಇದ್ದಾರೆ, ಆದರೆ ಹಾಡಲು ಉಸಿರು ಮೊದಲಿನಂತೆ ಸಾಲುವುದಿಲ್ಲ. ಸರೋಜ ಎರಡು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಅವರು ಹೇಳುವ ಸೋಬಾನೆ ಪದಗಳನ್ನೆಲ್ಲ ಫೋನಿನಲ್ಲಿ ವೀಡಿಯೊ ಮಾಡಿಕೊಂಡು ಬರುತ್ತಿದ್ದಳು. ಒಟ್ಟು ನಲವತ್ತಮೂರು ಹಾಡು. ದೊಡ್ಡಮ್ಮನ ಮೊಮ್ಮಗಳ ಮದುವೆ ಮುಂದಿನ ತಿಂಗಳಿತ್ತು. ಚಪ್ಪರದಲ್ಲಿ ಹಾಡು ಹೇಳುವ ಹೊಣೆಯನ್ನು ದೊಡ್ಡಮ್ಮ ಸರೋಜಳಿಗೆ ವಹಿಸಿದ್ದರು. ಇವಳು ಫೋನನ್ನು ಅಡುಗೆಮನೆಯ ಕಿಟಕಿಗೆ ಒರಗಿಸಿ, ಮುದ್ದೆ ತೊಳಸುತ್ತಾ ಒಂದೊಂದೇ ಹಾಡು ಕಲಿಯುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ನೋಡುವುದು ನನಗೆ ಇಷ್ಟ. ಇಷ್ಟು ವರ್ಷವಾದ ಮೇಲೆ ಇದನ್ನು ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ಒಂದು ದಿನ ಫೋನು, ಜಾಗ ತುಂಬಿದೆ, ಇನ್ನು ನನ್ನಿಂದಾಗದು ಎಂದು ಕೂತಿತು.

"ಏನ್ರೀ, ಇದ್ಯಾಕೋ ಫುಲ್ಲು ಅಂತೈತೆ. ನಾಗರಾಜಣ್ಣನ ಹತ್ರ ಒಂದ್ಸತಿ ತೋರ್ಸನ" ಎಂದಳು ಸರೋಜ. ನಾಗರಾಜ ನನ್ನ ಸಹಪಾಠಿ, ಪೇಟೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ಇಷ್ಟಕ್ಕೆಲ್ಲ ನಾಗರಾಜನೇ? ನಾನಿಲ್ಲವೇ? ಕೂತಲ್ಲೇ ಆನ್‌ಲೈನ್‌ನಲ್ಲಿ ಹುಡುಕಿದೆ. ಒಂದು ಪೆನ್‌ಡ್ರೈವ್ ಸಿಕ್ಕಿತು. ಬೆರಳುದ್ದ, ಎರಡು ತುದಿಗೂ ಪಿನ್ನು, ಒಂದು ಫೋನಿಗೆ, ಇನ್ನೊಂದು ಕಂಪ್ಯೂಟರಿಗೆ. ಎರಡು ಟಿಬಿ ಹಿಡಿಯುತ್ತದಂತೆ. ಎರಡು ಟಿಬಿ ಎಂದರೆ ಎಷ್ಟು ಎಂದು ನನಗೆ ತಿಳಿದಿರಲಿಲ್ಲ. ನಮ್ಮ ತಾಲ್ಲೂಕಿನ ಮದುವೆಗಳೆಲ್ಲ ಹಿಡಿಯಬಹುದು ಎಂದುಕೊಂಡೆ. ಬೆಲೆಯೋ, ಇಬ್ಬರು ಬಿರಿಯಾನಿ ತಿಂದ ಖರ್ಚು. ಕಂಪನಿಯ ಹೆಸರು ಎಲ್ಲರಿಗೂ ಗೊತ್ತಿರುವಂಥದ್ದೇ, ಅಕ್ಷರ ಮಾತ್ರ ಒಂದು ಜಾಸ್ತಿಯಿತ್ತು. ದೊಡ್ಡ ಕಂಪನಿ, ಒಂದು ಅಕ್ಷರ ಧಾರಾಳವಾಗಿ ಹಾಕಿರಬೇಕು ಎಂದು ಬಿಟ್ಟೆ. ಕೆಳಗೆ ಕೊಂಡವರ ಅಭಿಪ್ರಾಯಗಳಿದ್ದವು. "ಸೂಪರ್", "ನೈಸ್", "ಬೇಗ ಬಂತು", ಎಲ್ಲರೂ ಐದೈದು ನಕ್ಷತ್ರ. ಇಷ್ಟು ಜನ ಸುಳ್ಳು ಹೇಳುತ್ತಾರೆಯೇ?

ಮೂರನೆಯ ದಿನ ಪೊಟ್ಟಣ ಬಂತು. ಬಿಚ್ಚಿದೆ. ಕೈಯಲ್ಲಿ ಹಿಡಿದರೆ ತೂಕ ಗಟ್ಟಿಯಾಗಿತ್ತು. ತಕ್ಷಣ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಲಟಲಟ ಎಂದಿತು! ಎಂಥ ಸದ್ದು ಅಂತೀರಿ. ಆ ಶುದ್ಧವಾದ, ಒಣಗಿದ, ಬಿಡಿಯಾದ ಸದ್ದನ್ನು ಕೇಳಿ ನನ್ನ ಮೂವತ್ತೊಂದು ವರ್ಷದ ಸರ್ವೀಸು ಎದ್ದು ನಿಂತಿತು. "ಸರೋಜಾ, ಮಾಲು ಗಟ್ಟಿ ಐತೆ ಕಣೇ. ಒಳಗೆ ಹುಳ ಚೆನ್ನಾಗಿ ಆಡ್ತೈತೆ" ಎಂದೆ. "ಪೆನ್‌ಡ್ರೈವ್‌ನಾಗೆ ಯಾವ ಹುಳ ಇರ್ತೈತ್ರೀ?" ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಅಂದೇ ಬೆಲೆ ಕೊಟ್ಟಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ನಾನು ಅಲ್ಲೇ ಕೂತು ಐದು ನಕ್ಷತ್ರ ಒತ್ತಿ, "ಅನುಭವಿಗಳು ಮೆಚ್ಚುವ ವಸ್ತು" ಎಂದು ಕನ್ನಡದಲ್ಲಿ ಬರೆದೆ. ಸಂಜೆಯೊಳಗೆ ಹನ್ನೊಂದು ಜನ ಅದರಿಂದ ತಮಗೆ ಉಪಯೋಗವಾಯಿತು ಎಂದು ಒತ್ತಿದ್ದರು. ಆ ಹನ್ನೊಂದು ಜನರನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

ತುಂಬುವ ಕೆಲಸಕ್ಕೆ ನಾನೇ ಕೂತೆ. ಮೊದಲು ನಮ್ಮ ಹಳೇ ಕಂಪ್ಯೂಟರಿನಿಂದ ನನ್ನ ಬೀಳ್ಕೊಡುಗೆ ಸಮಾರಂಭದ ವೀಡಿಯೊ ಹಾಕಿದೆ. ಅದನ್ನು ನಾಗರಾಜ ಮೂರು ಕ್ಯಾಮೆರಾದಲ್ಲಿ ತೆಗೆದಿದ್ದ, ಹಾಗಾಗಿ ಬಹಳ ಜಾಗ ಹಿಡಿಯಿತು. ನನ್ನ ಭಾಷಣವೇ ನಲವತ್ತು ನಿಮಿಷ. ಆಮೇಲೆ ಸರೋಜಳ ಫೋನಿನ ಸರದಿ. ಫೋನು ಕೇಳಿತು: ನಕಲು ಮಾಡಲೇ, ಸಾಗಿಸಲೇ? ನಕಲು ಎಂಬ ಮಾತೇ ನನಗೆ ಆಗದು. ಸಾಗಿಸು ಎಂದೆ. ನಲವತ್ತಮೂರು ಹಾಡೂ ಫೋನಿನಿಂದ ಹೊರಟು ಪೆನ್‌ಡ್ರೈವಿನ ಪಟ್ಟಿಯಲ್ಲಿ ಹೆಸರು ಹೆಸರಾಗಿ ಬಂದು ಕೂತವು. "ನೋಡು, ನಿನ್ ಫೋನು ಗುಡ್ಸಿ ಸಾರ್ಸಿದಂಗೆ ಕ್ಲೀನು" ಎಂದು ಅವಳ ಕೈಗೆ ಕೊಟ್ಟೆ.

ಮಾರನೆಯ ಬೆಳಿಗ್ಗೆ ಸರೋಜ ಪೆನ್‌ಡ್ರೈವ್ ಸಿಕ್ಕಿಸಿಕೊಂಡು ಅರಿಶಿನದ ಹಾಡು ಒತ್ತಿದಳು. ತೆರೆಯಲಿಲ್ಲ. ಬಳೆಯ ಹಾಡು ಒತ್ತಿದಳು. ತೆರೆಯಲಿಲ್ಲ. ಹೆಸರೆಲ್ಲ ಇದೆ, ಹಾಡು ಒಂದೂ ಇಲ್ಲ. ನನ್ನ ಬೀಳ್ಕೊಡುಗೆ ಮಾತ್ರ ಒತ್ತಿದ ಕೂಡಲೇ ತೆರೆದುಕೊಂಡು, "ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ" ಎಂದು ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಮಾತಾಡತೊಡಗಿದೆ. ಅಂಥ ಹೊತ್ತಿನಲ್ಲಿ ನನ್ನ ದನಿ ನನಗೇ ಎಷ್ಟು ಅಸಹ್ಯವಾಗಿ ಕೇಳಿಸಿತೆಂದರೆ ಓಡಿಹೋಗಿ ಬಾಯಿ ಮುಚ್ಚಿಸಿದೆ.

ಇಬ್ಬರೂ ನಾಗರಾಜನ ಸ್ಟುಡಿಯೊಗೆ ಹೋದೆವು. ಅವನು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿ, ಮೊದಲು ಅದರಲ್ಲೂ ಫೋನಿನಲ್ಲೂ ಹಾಡುಗಳನ್ನು ಹುಡುಕಿ, ಒಂದೂ ಸಿಗದ ಮೇಲೆ ಏನೋ ಒಂದು ಪರೀಕ್ಷೆ ಓಡಿಸಿದ. ಒಂದೊಂದು ಕಡೆಯೂ ಬರೆದು, ಬರೆದದ್ದನ್ನು ತಿರುಗಿ ಓದಿ ನೋಡುವ ಪರೀಕ್ಷೆಯಂತೆ. ಬಹಳ ಹೊತ್ತಾದ ಮೇಲೆ ಹೇಳಿದ, "ಲೇ ಶಿವಲಿಂಗ, ಇದು ಮೂವತ್ತೆರಡು ಜಿಬಿ ಕಣ್ಲಾ. ಎರಡು ಟಿಬಿ ಅಂತ ಬರೀ ಹೆಸರು ಬರ್ದವ್ರೆ. ನಿನ್ ಭಾಷ್ಣ ಹಾಕೋ ಹೊತ್ಗೆ ಹೊಟ್ಟೆ ತುಂಬೋಗೈತೆ. ಆಮ್ಯಾಕೆ ಹಾಕಿದ್ದೆಲ್ಲ ತಗೊಂಡಂಗೆ ಆಡಿ ಹೊರಿಕ್ಕೆ ಚೆಲ್ಬುಟ್ಟೈತೆ."

"ಸದ್ದು ಚೆನ್ನಾಗಿತ್ತಲ್ಲೋ" ಎಂದೆ.

ನಾಗರಾಜ ಸಣ್ಣ ಸ್ಕ್ರೂಡ್ರೈವರಿನಿಂದ ಅದರ ಹೊಟ್ಟೆ ಬಿಚ್ಚಿದ. ಒಳಗೆ ಉಗುರಿನಷ್ಟು ಅಗಲದ ಒಂದು ಮೆಮೊರಿ ಕಾರ್ಡು ಅಂಟಿನಲ್ಲಿ ಕೂತಿತ್ತು. ಪಕ್ಕದಲ್ಲಿ ತೂಕಕ್ಕೆಂದು ಹಾಕಿದ್ದ ಒಂದು ಕಬ್ಬಿಣದ ನಟ್ಟು ಅಂಟು ಬಿಟ್ಟು ಓಡಾಡುತ್ತಿತ್ತು. ನಾಗರಾಜ ಅದನ್ನು ನನ್ನ ಅಂಗೈಗೆ ಹಾಕಿ, "ತಗಾ ನಿನ್ ಹುಳ" ಎಂದ. ಆಮೇಲೆ ಸಾವಧಾನವಾಗಿ ಪಾಠ ಹೇಳಿದ. ಅಷ್ಟು ಕಮ್ಮಿಗೆ ಅಷ್ಟು ದೊಡ್ಡದು ಯಾರೂ ಕೊಡುವುದಿಲ್ಲ. ಕಂಪನಿಯ ಹೆಸರನ್ನು ಅಕ್ಷರ ಅಕ್ಷರ ಓದಬೇಕು. ಮಾರುವವನು ಯಾರು ಎಂದು ನೋಡಬೇಕು. ಐದು ನಕ್ಷತ್ರದವರನ್ನು ಬಿಟ್ಟು, ತಿಂಗಳಾದ ಮೇಲೆ ಬಂದು ಅತ್ತುಕೊಂಡು ಒಂದು ನಕ್ಷತ್ರ ಕೊಟ್ಟವರ ಮಾತು ಓದಬೇಕು. ಬಂದ ಕೂಡಲೇ ಪೂರ್ತಿ ತುಂಬಿಸಿ, ತೆರೆದು ನೋಡಬೇಕು. ಅಲ್ಲಿಯವರೆಗೆ ಮೂಲದಲ್ಲಿರುವುದನ್ನು ಅಳಿಸಲೇಬಾರದು. ಇದೆಲ್ಲ ಗೂಡಿನ ಮಾರುಕಟ್ಟೆಯಲ್ಲಿ ಹೊಸಬರಿಗೆ ನಾನೇ ಹೇಳುತ್ತಿದ್ದ ಬುದ್ಧಿಮಾತು. ಮೇಲಿನ ಗೂಡು ನೋಡಿ ಮೂಟೆಗೆ ಬೆಲೆ ಕಟ್ಟಬೇಡಿ, ತಳದವರೆಗೆ ಕೈ ಹಾಕಿ ಎಂದು ಎಷ್ಟು ಜನರಿಗೆ ಹೇಳಿರಲಿಲ್ಲ!

ಸರೋಜ ಬೈಯಲಿಲ್ಲ. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ದಾರಿಯಲ್ಲಿ ಒಂದೇ ಮಾತು ಹೇಳಿದಳು. "ದೊಡ್ಡವ್ವಂಗೆ ಇನ್ನೊಂದ್ಸತಿ ಹೇಳಿ ಅನ್ನಕ್ಕೆ ನಂಗೆ ಬಾಯಿ ಬರಕಿಲ್ಲ ಕಣ್ರೀ. ಹೋದ್ಸತೀನೇ ಎಷ್ಟು ಕಷ್ಟ ಬಿದ್ದು ನೆಪ್ಪು ಮಾಡ್ಕಂಡ್ರು." ನಿಜ ಹೇಳಬೇಕೆಂದರೆ, ನಲವತ್ತಮೂರರಲ್ಲಿ ತೆಂಗಿನಕಾಯಿಯ ಹಾಡೂ ಹೋಯಿತಲ್ಲ ಎಂಬ ಒಂದು ಸಣ್ಣ ಸಮಾಧಾನ ಆ ಹೊತ್ತಿನಲ್ಲೂ ತಲೆಹಾಕಿತು. ಅದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಕೇಳುವ ಬಾಯಿ ನನ್ನದೇ ಆಗಬೇಕಿತ್ತು. ಮರುದಿನವೇ ಸರೋಜಳನ್ನು ಕರೆದುಕೊಂಡು ಬೈರಾಪಟ್ಟಣಕ್ಕೆ ಹೋಗಿ ದೊಡ್ಡಮ್ಮನ ಮುಂದೆ ಕೂತು, ಒಂದೂ ಮುಚ್ಚಿಡದೆ ಎಲ್ಲ ಒಪ್ಪಿಸಿದೆ. ನಟ್ಟನ್ನೂ ತೋರಿಸಿದೆ. ಅವರು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ಇದ್ನ ಅಲ್ಲಾಡ್ಸಿ ನೋಡುದ್ಯಾ ಅಳಿಮಯ್ಯ?" ಎಂದರು. ಹೌದು ಎಂದೆ. ಬೊಚ್ಚುಬಾಯಿ ತೆರೆದು ಅವರು ನಗತೊಡಗಿದವರು ಸೊಸೆ ನೀರು ತಂದುಕೊಡುವವರೆಗೂ ನಿಲ್ಲಿಸಲಿಲ್ಲ. "ಅವತ್ತು ಕಾಯಿ, ಇವತ್ತು ಇದು. ನೀ ಬದ್ಲಾಗ್ನಿಲ್ಲ ಬುಡು. ಲೇ ಸರೋಜಿ, ಅದ್ಯಾಕವ್ವ ಮಕ ಇಳಿಬುಟ್ಕಂಡಿದ್ದೀಯ? ಉಸ್ರು ಐತೆ, ನೆಪ್ಪು ಬಂದಷ್ಟು ಹೇಳ್ತೀನಿ. ಎತ್ಕೊ ಫೋನ" ಎಂದರು.

ಆರು ದಿನ ಹೋಗಿ ಬಂದೆವು. ಫೋನು ಹಿಡಿಯುವ ಕೆಲಸ ನನ್ನದು. ಅದುವರೆಗೆ ಆ ಹಾಡುಗಳನ್ನು ನಾನು ಕೂತು ಕೇಳಿದವನೇ ಅಲ್ಲ. ದೊಡ್ಡಮ್ಮ ಒಂದು ಸಾಲು ಎತ್ತುವುದು, ಉಸಿರು ಸಾಲದಾದಾಗ ಸರೋಜ ಹಿಂದಿನಿಂದ ಬಂದು ಅದನ್ನು ಹಿಡಿದುಕೊಳ್ಳುವುದು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆದೂಗುವುದು. ಇದು ಹಳೆಯ ವೀಡಿಯೊಗಳಲ್ಲಿ ಇರಲಿಲ್ಲ, ಅವುಗಳಲ್ಲಿ ದೊಡ್ಡಮ್ಮನೊಬ್ಬರೇ ಹಾಡುತ್ತಿದ್ದರು. ಮೂವತ್ತಾರು ಹಾಡು ಸಿಕ್ಕವು. ಏಳು ಎಷ್ಟು ಕೂತರೂ ಬರಲಿಲ್ಲ. ನಾಲ್ಕನೆಯ ದಿನ ಬಳೆಯ ಹಾಡಿನ ಎರಡು ಸಾಲು ಬಂದು ಮುಂದಿನದು ಬಾರದೆ ದೊಡ್ಡಮ್ಮ ಕಿಟಕಿಯಾಚೆ ನೋಡುತ್ತಾ ಕೂತಾಗ, ನನಗೆ ಆ ನಟ್ಟನ್ನು ನುಂಗಿಬಿಡೋಣವೆನಿಸಿತು. ಆ ಏಳು ಹಾಡಿನ ವಿಷಯದಲ್ಲಿ ನನಗೆ ತಮಾಷೆ ಬರುವುದಿಲ್ಲ.

ತೆಂಗಿನಕಾಯಿಯ ಹಾಡು ಮಾತ್ರ ಕೇಳುವ ಮೊದಲೇ ಬಂತು, ಒಂದಕ್ಷರ ತಪ್ಪದೆ. ಅದು ಮುಗಿದ ಮೇಲೆ ದೊಡ್ಡಮ್ಮ ಕೈಸನ್ನೆ ಮಾಡಿ, ಫೋನು ಆರಿಸಬೇಡ ಎಂದು ಹೇಳಿ, ಹೊಸದೊಂದು ಪದ ಕಟ್ಟಿದರು:

ಬೆರಳುದ್ದ ಡಬ್ಬೀಗೆ ಊರ್ಹಾಡ ತುಂಬ್ದೋನೆ
ನಟ್ಟಿನ ಸದ್ದ ಹುಳವಂದೆ ಅಳಿಮಯ್ಯ
ಎರಡ್ಕಿವಿ ನಡುವೆ ಏನೈತೆ?

ಚಪ್ಪರದ ದಿನ ಸರೋಜ ಮೊದಲು ಎತ್ತಿಕೊಂಡಿದ್ದು ಇದನ್ನೇ. ಮದುವೆ ಗಂಡಿನ ಕಡೆಯವರು ತಮ್ಮನ್ನು ಹಂಗಿಸುವುದು ಯಾವಾಗ ಎಂದು ಕಾದರು, ಅವರ ಪಾಲಿಗೆ ಏನೂ ಉಳಿದಿರಲಿಲ್ಲ. ದೊಡ್ಡಮ್ಮ ಮುಂದಿನ ಕುರ್ಚಿಯಲ್ಲಿ ಕೂತು ತಾಳ ಹಾಕಿದರು.

ಈಗ ನಮ್ಮ ಮನೆಯಲ್ಲಿ ಯಾವುದನ್ನೂ ಒಂದೇ ಕಡೆ ಇಡುವುದಿಲ್ಲ. ನಾಗರಾಜ ಆರಿಸಿಕೊಟ್ಟ ಎರಡು ಪೆನ್‌ಡ್ರೈವ್‌ಗಳಲ್ಲಿ ಮೂವತ್ತಾರು ಹಾಡೂ ಇವೆ, ಎರಡನ್ನೂ ಪೂರ್ತಿ ತೆರೆದು ನೋಡಿ ಇಟ್ಟಿದ್ದೇವೆ. ಆ ಹೊಸ ಪದದ ಬಗ್ಗೆ ಮಾತ್ರ ನಾನು ಯಾವ ಎಚ್ಚರಿಕೆಯನ್ನೂ ವಹಿಸಿಲ್ಲ. ಅದು ಸರೋಜಳ ಫೋನಿನಲ್ಲಿದೆ, ನಾಗರಾಜನ ಸ್ಟುಡಿಯೊದಲ್ಲಿದೆ, ಬೈರಾಪಟ್ಟಣದ ಅರ್ಧ ಊರಿನ ವಾಟ್ಸಾಪಿನಲ್ಲಿದೆ, ಮೊನ್ನೆ ಮಾಗಡಿಯ ಒಂದು ಮದುವೆಯಲ್ಲಿ ನನ್ನ ಗುರುತೇ ಇಲ್ಲದ ಹೆಂಗಸರು ಹಾಡುತ್ತಿದ್ದರು. ಬಳೆಯ ಹಾಡು ಹೋಯಿತು, ನಾನು ಉಳಿದೆ.