ಬೆನ್ನ ಹಿಂದೆ ಮಾತಾಡುವ ಡಬ್ಬಗಳು

ಹೆಂಡತಿ: ಮೊದಲು ನನ್ನ ಮಿಷನ್ ಮೇಲಿಂದ ಕೈ ತೆಗೀರಿ! ಕಿಟಕಿ ಬಿಟ್ಟು ಅದು ಒಂದಿಂಚೂ ಅಲ್ಲಾಡಲ್ಲ.

ಗಂಡ: ಒಂದಿಂಚಲ್ಲ ಕಣೇ, ಪೂರ್ತಿ ಒಳಕೋಣೆಗೇ ಹೋಗ್ಬೇಕು. ನನ್ನ ಕುರ್ಚಿ ಬರೋದು ಇಲ್ಲೇ.

ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ದಿನವಿಡೀ ತಪ್ಪು ಹುಡುಕಿ ಸಾಕಾಗಿ, ಮನೆಗೆ ಬಂದ ಮೇಲೆ ಅಚ್ಚಾದದ್ದನ್ನೆಲ್ಲ ಕಣ್ಣುಮುಚ್ಚಿ ನಂಬುತ್ತಿದ್ದ. ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯಲ್ಲಿ ನೆಟ್ಟಗೆ ಬೆಳಕು ಬರುವ ಕಿಟಕಿ ಒಂದೇ. ಇಪ್ಪತ್ತೆರಡು ವರ್ಷದಿಂದ ಅವಳ ಹೊಲಿಗೆ ಮಿಷನ್ ಅದರ ಕೆಳಗೇ ಇತ್ತು. ಬೆಳಿಗ್ಗೆ ಐದು ಸ್ಪೀಕರ್, ಜೊತೆಗೊಂದು ದಪ್ಪ ಡಬ್ಬ ಮನೆಗೆ ಬಂದಿಳಿದಾಗಿನಿಂದ ಅವಳ ಜೀವಕ್ಕೆ ಸಮಾಧಾನವಿರಲಿಲ್ಲ.

ಹೆಂಡತಿ: ಟಿವಿ ಆ ಗೋಡೇಲಿ, ನೀವು ಈ ಗೋಡೇಲಿ. ಸಿನಿಮಾ ನೋಡ್ತೀರೋ, ದುರ್ಬೀನು ಹಿಡೀತೀರೋ?

ಗಂಡ: ಸ್ಪೀಕರ್ ಜೊತೆ ಕೊಟ್ಟ ಪುಸ್ತಕದಲ್ಲಿ ಹಾಗೇ ಇದೆ. ಕುರ್ಚಿಗೂ ಮುಂದಿನ ಸ್ಪೀಕರಿಗೂ ನಡುವೆ ಇನ್ನೂರು. ಅಳೆದೆ, ಇಲ್ಲಿಗೇ ಬಂತು.

ಹೆಂಡತಿ: ಒಳಕೋಣೇಲಿ ಹಗಲಲ್ಲೂ ಕತ್ತಲು ರೀ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕೋದು ಹೇಗೆ? ಕಣ್ಣು ಕಿತ್ತು ಕೈಯಲ್ಲಿ ಇಟ್ಕೊಳ್ಳಲಾ?

ಗಂಡ: ಬಲ್ಬ್ ಹಾಕಿಸ್ತೀನಿ.

ಹೆಂಡತಿ: ಬಲ್ಬು ಅಂತೆ! ನನ್ನ ಜಾಗ ಅಂತ ಈ ಮನೇಲಿ ಇರೋದು ಇದೊಂದೇ. ಅದೂ ಕುರ್ಚಿಗೆ ಹೋಯ್ತು ಅನ್ನಿ.

ಅವಳಿಗೆ ನಿಜಕ್ಕೂ ಅಳು ಬಂದಿತ್ತು. ಅಳುವುದಕ್ಕಿಂತ ಜಗಳವೇ ಸಲೀಸೆಂದು ಸೆರಗು ಬಿಗಿದಳು.

ಹೆಂಡತಿ: ಈ ಚಿಕ್ಕ ಡಬ್ಬ ಎರಡು ಯಾಕೆ?

ಗಂಡ: ಅವು ಹಿಂದಿನವು. ಬೆನ್ನ ಹಿಂದಿನಿಂದ ಮಾತಾಡ್ತವೆ.

ಹೆಂಡತಿ: ಬೆನ್ನ ಹಿಂದೆ ಮಾತಾಡೋಕೆ ನಿಮ್ಮ ದೊಡ್ಡಕ್ಕ ಸಾಲದಾ? ಅದಕ್ಕೂ ಡಬ್ಬ ತಂದ್ರಾ?

ಗಂಡ: ಅಕ್ಕನ ಸುದ್ದಿಗೆ ಬರ್ಬೇಡ!

ಹೆಂಡತಿ: ಆಯ್ತಪ್ಪ. ಕುರ್ಚಿ ಹಿಂದೆ ಉಳಿಯೋದು ನಾಲ್ಕೇ ಬೆರಳು. ಅವನ್ನ ಎಲ್ಲಿಡ್ತೀರಿ?

ಗಂಡ ಗೋಡೆ ನೋಡಿದ, ಪುಸ್ತಕ ನೋಡಿದ, ಮತ್ತೆ ಗೋಡೆ ನೋಡಿದ.

ಗಂಡ: ಕಿಟಕಿ ಆಚೆ ನೇತು ಹಾಕ್ತೀನಿ.

ಹೆಂಡತಿ: ಭೇಷ್! ಅರ್ಧ ಸಿನಿಮಾ ನಮಗೆ, ಅರ್ಧ ಪಕ್ಕದ ಮನೆಯವರಿಗೆ. ಅಲ್ಲ ರೀ, ಯಾವುದರಲ್ಲಿ ಅಳೆದ್ರಿ?

ಗಂಡ: ನಿನ್ನ ಟೇಪಲ್ಲೇ. ಮೂರು ಸಲ ಪೂರ್ತಿ ಟೇಪು, ಅಂದ್ರೆ ಮೂರು ಅರವತ್ತು, ನೂರೆಂಬತ್ತು. ಮೇಲೆ ಇಪ್ಪತ್ತು. ಸರಿಹೋಯ್ತಲ್ಲ?

ಹೆಂಡತಿಯ ಹುಬ್ಬು ಮೇಲೇರಿತು. ಅವಳು ಅವನ ಕೈಯಿಂದ ಪುಸ್ತಕ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

ಹೆಂಡತಿ: ಇನ್ನೂರರ ಪಕ್ಕ ಏನಿದೆ, ಓದಿ.

ಗಂಡ: ಸೆಂ... ಮೀ...

ಹೆಂಡತಿ: ನೀವು ಅಳೆದಿದ್ದು ಇಂಚು! ಟೇಪಿಗೆ ಎರಡು ಮೈ ಇದೆ ಸ್ವಾಮಿ. ಈ ಲೆಕ್ಕದಲ್ಲಿ ನಿಮಗೆ ಅಂಗಿ ಹೊಲಿದಿದ್ರೆ ಊರೆಲ್ಲ ಒಟ್ಟಿಗೆ ಹಾಕ್ಕೋಬಹುದಿತ್ತು.

ಗಂಡ: ಅಕ್ಷರ ಸಣ್ಣದಿತ್ತು ಕಣೇ.

ಹೆಂಡತಿ: ಬೇರೆಯವರ ಅಲ್ಪವಿರಾಮ ಕಾಣುತ್ತೆ, ಸೆಂಟಿಮೀಟರ್ ಕಾಣಲ್ವಾ?

ಅವಳು ಟೇಪು ತಿರುಗಿಸಿ ಹಿಡಿದಳು. ಒಂದು ಪೂರ್ತಿ ಟೇಪು ನೂರೈವತ್ತು, ಮೇಲೆ ಐವತ್ತು. ಕುರ್ಚಿ ಬಂದು ನಡುಮನೆಯ ಮಧ್ಯಕ್ಕೆ ಕೂತಿತು. ಮಿಷನ್ ಕಿಟಕಿಯಡಿಯಲ್ಲೇ ಉಳಿಯಿತು. ಹಿಂದಿನ ಎರಡು ಡಬ್ಬಗಳನ್ನು ಅದರ ಆಚೆ ಈಚೆ ಇಟ್ಟದ್ದಾಯಿತು. ಅವಳಿಗೆ ಹೋದ ಜೀವ ಬಂದಂತಾಗಿ, ನಿಂತಿದ್ದ ಹೊಲಿಗೆಗೆ ಕೂತಳು. ಗಂಡ ಗತ್ತಿನಿಂದ ಕುರ್ಚಿಯಲ್ಲಿ ಒರಗಿ, ರೈಲು ಬರುವ ಸಿನಿಮಾ ಒಂದನ್ನು ಹಾಕಿದ.

ಗಂಡ: ಆಹಾ! ಕೇಳಿಸ್ತೇನೇ? ರೈಲು ಸರಿಯಾಗಿ ಬೆನ್ನ ಹಿಂದಿನಿಂದಲೇ ಬರ್ತಿದೆ! ಚಕ್ರದ ಸದ್ದು ಎಷ್ಟು ಬಿಡಿಬಿಡಿಯಾಗಿ! ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಹೆಂಡತಿ ಬಟ್ಟೆಯ ಅಂಚು ಮಡಚಿ ಮುಂದಕ್ಕೆ ತಳ್ಳಿದಳು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನ ಚಕ್ರಗಳು ತಟ್ಟನೆ ನಿಂತವು. ತೆರೆಯ ಮೇಲೆ ರೈಲು ಓಡುತ್ತಲೇ ಇತ್ತು.

ಗಂಡ: ಅಯ್ಯೋ, ಯಾಕೆ ನಿಂತೋಯ್ತು?

ಹೆಂಡತಿ: ಬಾಬಿನ್‌ನಲ್ಲಿ ದಾರ ಮುಗೀತು ರೀ. ಒಂದು ನಿಮಿಷ, ಮತ್ತೆ ಬಿಡ್ತೀನಿ ರೈಲು. ಅಷ್ಟರಲ್ಲಿ ನೀವು ಎದ್ದು ಆ ಡಬ್ಬಗಳಿಗೆ ತಂತಿ ಸಿಕ್ಕಿಸಿ.