ಮರ್ಯಾದೆಯ ಟೀ

ನನಗೆ ಸಕ್ಕರೆ ಕಾಯಿಲೆ ಬಂದದ್ದು ಸಕ್ಕರೆಯಿಂದಲ್ಲ, ಮರ್ಯಾದೆಯಿಂದ. ಡಾಕ್ಟರು ಇದನ್ನು ಒಪ್ಪುವುದಿಲ್ಲ. ಪಾಪ, ಅವರು ಚುನಾವಣೆಗೆ ನಿಂತವರಲ್ಲ.

ನಾನು ನಮ್ಮೂರ ಗ್ರಾಮ ಪಂಚಾಯಿತಿ ಅಧ್ಯಕ್ಷೆ. ಅದಕ್ಕೂ ಮೊದಲು ಬಿ.ಎ. ನಮ್ಮ ವಂಶದಲ್ಲೇ ಮೊದಲ ಪದವಿ. ಅಪ್ಪ ಕೂಲಿ ಮಾಡಿ, ನಾನು ರಜೆಯಲ್ಲೆಲ್ಲ ಮೆಕ್ಕೆಜೋಳ ಮುರಿದು, ಶಿಕಾರಿಪುರಕ್ಕೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿ ಪಡೆದದ್ದು. ಹಾಗಾಗಿ ಕಚೇರಿಯ ಬೋರ್ಡಿನಲ್ಲಿ ನನ್ನ ಹೆಸರಿಗಿಂತ ‘ಬಿ.ಎ.’ ತುಸು ದಪ್ಪಗಿದೆ. ಬರೆದ ಸೊರಬದ ಪೇಂಟರು, “ಅಳತೆ ತಪ್ತು ಮೇಡಂ, ಸರಿ ಮಾಡ್ಲಾ?” ಅಂದರು. ಇರಲಿ ಬಿಡಿ ಅಂದೆ.

ನಮ್ಮ ಕಡೆ ಮನೆ ಬಾಗಿಲಿಗೆ ಬಂದ ಮೆಂಬರು ಟೀ ಕುಡಿಯದೆ ಹೋದರೆ ಆ ಮಾತು ಮುಂದಿನ ಚುನಾವಣೆಯವರೆಗೂ ಓಡಾಡುತ್ತದೆ. ಬೇರೆಯವರಿಗೆ ಅದು ಬರೀ ಉಪಚಾರ. ನನಗೆ ಹಾಗಲ್ಲ. ಅಪ್ಪ ಕೂಲಿಗೆ ಹೋಗುತ್ತಿದ್ದ ದೊಡ್ಡಮನೆಯಲ್ಲಿ ಅವನ ಲೋಟ ಸೂರಿನ ಸಂದಿಯಲ್ಲಿರುತ್ತಿತ್ತು. ತಾನೇ ತೆಗೆದು, ಅಂಗಳದಲ್ಲಿ ಕೂತು ಕುಡಿದು, ತಾನೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಈಗ ಅದೇ ಮನೆಯ ನಡುಮನೆಯಲ್ಲಿ ನನಗೆ ಕುರ್ಚಿ, ಮನೆಯವರದೇ ಪಾತ್ರೆಯಿಂದ ಟೀ! ಬೇಡ ಅನ್ನಲು ಬಾಯಾದರೂ ಹೇಗೆ ಬರಬೇಕು? ಚರಂಡಿ ನೋಡಲು ಹೋದ ದಿನ ಒಂಬತ್ತು ಟೀ. ಮನೆ ಹಂಚಿಕೆಯ ಪಟ್ಟಿ ಹಿಡಿದು ಹೊರಟ ದಿನ ಹದಿನಾಲ್ಕು.

ಫಲವಾಗಿ ಒಂದು ಸಭೆಯಲ್ಲಿ, ನೀರಿನ ಪೈಪಿನ ಚರ್ಚೆ ನಡೆಯುತ್ತಿರುವಾಗಲೇ ನನಗೆ ನಿದ್ದೆ ಹತ್ತಿತು. ನನ್ನ ಕುರ್ಚಿಯ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿರುವ ಮೆಂಬರು ಬಸಪ್ಪಣ್ಣ, “ಅಧ್ಯಕ್ಷರು ಕಣ್ಮುಚ್ಚಿ ಒಪ್ಪಿಗೆ ಕೊಟ್ರು ಅಂತ ಬರ್ಕಳ್ರಿ” ಅಂದರಂತೆ.

ಆಮೇಲೆ ಊರಲ್ಲಿ ಆರೋಗ್ಯ ಶಿಬಿರವಾಯಿತು. ಓದಿದವಳು ಸೂಜಿಗೆ ಹೆದರಬಾರದೆಂದು ದೀಪ ಹಚ್ಚುವ ಬದಲು ನಾನೇ ಮೊದಲು ಬೆರಳು ಚಾಚಿ ಉದ್ಘಾಟಿಸಿದೆ. ಆಶಾ ಕಾರ್ಯಕರ್ತೆ ಗಿರಿಜಕ್ಕ ಮಷೀನು ನೋಡಿದವಳೇ, ಮೈಕು ಪಕ್ಕದಲ್ಲಿದೆ ಎಂಬುದನ್ನು ಮರೆತು, “ಯವ್ವಾ, ಮುನ್ನೂರಾ ಹತ್ತು!” ಅಂದಳು. ಊರಿಗೆ ಊರೇ ಕೇಳಿಸಿಕೊಂಡಿತು.

“ಹಿಂಗಾದ್ರೆ ಅವಧಿ ಮುಗ್ಸೋದು ಹೆಂಗ್ರೀ? ರಾಜೀನಾಮೆ ಕೊಟ್ಟು ಆರಾಮಾಗಿರ್ರಿ” ಎಂದು ಬಸಪ್ಪಣ್ಣ ಬಹಳ ಕಾಳಜಿ ತೋರಿಸಿದರು.

ಗಿರಿಜಕ್ಕ ನನ್ನನ್ನು ಪಕ್ಕಕ್ಕೆ ಕರೆದು, “ಸಿಹಿ ಟೀ ಬಿಡ್ರಿ, ಇಲ್ಲಾಂದ್ರೆ ಕುರ್ಚಿ ತಾನೇ ಬಿಟ್ಟು ಹೋಗ್ತತಿ” ಅಂದಳು.

ಕುರ್ಚಿ ಬಿಡುವ ಮಾತೇ ಇಲ್ಲ. ಬಸ್ಸಿನಲ್ಲಿ ಮೂರು ವರ್ಷ ನಿಂತವಳು ನಾನು. ಮರುದಿನ ಗಟ್ಟಿ ಮನಸ್ಸು ಮಾಡಿ ದೊಡ್ಡಮನೆಗೇ ಮೊದಲು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಆ ಮನೆಯ ಹಿರಿಯರಾದ ಪಾರ್ವತಮ್ಮ ಅಕ್ಕರೆಯಿಂದ ಎದುರು ಬಂದರು.

“ಎಲ್ಲಾ ಗೊತ್ತಾತು, ಬರ್ರಿ ಅಧ್ಯಕ್ಷರೇ. ಇವತ್ತಿಂದ ನಿಮಗೆ ಬ್ಯಾರೆ ಪಾತ್ರೆ, ಬ್ಯಾರೆ ಲೋಟ ಇಟ್ಟೀನಿ. ಸಕ್ರಿ ತಾಗಬಾರ್ದು ನೋಡ್ರಿ. ಅದನ್ನ ಯಾರೂ ಮುಟ್ಟಬಾರ್ದು ಅಂತ ಸೊಸಿಗೂ ಹೇಳೀನಿ.”

ನಡುಮನೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಆ ಸಪ್ಪೆ ಟೀಯನ್ನು ಕೊನೆಯ ಗುಟುಕಿನವರೆಗೂ ಕುಡಿದೆ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಷ್ಟು ಓದ್ಸಿ ಏನಾತವ್ವಾ? ನನ್ನ ಲೋಟದಾಗೆ ಸಕ್ರಿನಾದ್ರೂ ಇರ್ತಿತ್ತು.”